ಹದಿನೆಂಟಕ್ಕೆ ಹಕ್ಕು ಬಂತು, ಪಟ್ಟಿಗೆ ಹೆಸರು ಬರಲಿಲ್ಲ

ಮತದಾನ ಮುಗಿದ ಮರುದಿನ ಪತ್ರಿಕೆಗಳಲ್ಲಿ ಒಂದು ಸಿದ್ಧ ವಾಕ್ಯ ತಪ್ಪದೆ ಕಾಣಿಸಿಕೊಳ್ಳುತ್ತದೆ: ಯುವಜನರು ಮತಗಟ್ಟೆಗೆ ಬರಲಿಲ್ಲ. 2024ರ ಏಪ್ರಿಲ್ 26ರಂದು ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಮೂರೂ ಲೋಕಸಭಾ ಕ್ಷೇತ್ರಗಳು ಶೇ 53–54ರ ಆಸುಪಾಸಿನಲ್ಲಿ ನಿಂತು, ಅದೇ ದಿನ ಮಂಡ್ಯ ಶೇ 81 ದಾಟಿದಾಗಲೂ ಇದೇ ಮಾತು ಕೇಳಿಬಂತು. ಐಟಿ ಹುಡುಗರು ಶುಕ್ರವಾರದ ರಜೆಗೆ ಶನಿವಾರ, ಭಾನುವಾರ ಸೇರಿಸಿಕೊಂಡು ಚಿಕ್ಕಮಗಳೂರಿಗೆ ಹೋದರು ಎಂಬ ಒಗ್ಗರಣೆಯೂ ಜೊತೆಗಿತ್ತು.

ಈ ಮಾತಿಗೆ ಆಧಾರವೇನು ಎಂದು ಹುಡುಕಿದರೆ ಕೈಗೆ ಏನೂ ಸಿಗುವುದಿಲ್ಲ. ಯಾವ ವಯಸ್ಸಿನವರು ಎಷ್ಟು ಮಂದಿ ಮತ ಹಾಕಿದರು ಎಂಬ ಲೆಕ್ಕವನ್ನು ಚುನಾವಣಾ ಆಯೋಗ ಕೊಡುವುದೇ ಇಲ್ಲ. ಬೆರಳಿಗೆ ಶಾಯಿ ಹಚ್ಚುವ ಮೇಜಿನಲ್ಲಿ ನಮೂನೆ 17ಎ ರಿಜಿಸ್ಟರ್ ಇರುತ್ತದಲ್ಲ, ಅದರಲ್ಲಿ ಬರೆದುಕೊಳ್ಳುವುದು ಪಟ್ಟಿಯಲ್ಲಿನ ಕ್ರಮಸಂಖ್ಯೆ, ತೋರಿಸಿದ ಗುರುತಿನ ದಾಖಲೆ, ಸಹಿ ಇಲ್ಲವೇ ಹೆಬ್ಬೆಟ್ಟು. ವಯಸ್ಸಿನ ಕಾಲಂ ಇಲ್ಲ. ಗಂಡಸರೆಷ್ಟು, ಹೆಂಗಸರೆಷ್ಟು, ತೃತೀಯ ಲಿಂಗಿಗಳೆಷ್ಟು ಎಂದು ಲೆಕ್ಕ ಬರುತ್ತದೆ. ಇಪ್ಪತ್ತರವರು ಎಷ್ಟು, ಎಪ್ಪತ್ತರವರು ಎಷ್ಟು ಎಂಬುದು ಬರುವುದಿಲ್ಲ. ಸಮೀಕ್ಷೆಗಳು ಅಂದಾಜು ಹೇಳುತ್ತವೆ, ಅಷ್ಟೆ.

ಶೇಕಡಾವಾರು ಎಂಬುದಕ್ಕೂ ಒಂದು ಕೆಳಗಿನ ಸಂಖ್ಯೆ ಇದೆ: ಪಟ್ಟಿಯಲ್ಲಿರುವ ಒಟ್ಟು ಹೆಸರುಗಳು. ರಾಜಾಜಿನಗರದ ಬಾಡಿಗೆ ಮನೆ ಬಿಟ್ಟು ವೈಟ್‌ಫೀಲ್ಡ್‌ಗೆ ಹೋದವರು ನಮೂನೆ 8ರಲ್ಲಿ ವಿಳಾಸ ಬದಲಾಯಿಸಬೇಕು. ಬಹಳಷ್ಟು ಮಂದಿ ಅದು ಗೊತ್ತಿಲ್ಲದೆ ನಮೂನೆ 6ರಲ್ಲಿ ಹೊಸದಾಗಿ ಹೆಸರು ಸೇರಿಸುತ್ತಾರೆ. ಹಳೆಯ ಹೆಸರು ಹಳೆಯ ಭಾಗದಲ್ಲಿ ಹಾಗೇ ಉಳಿಯುತ್ತದೆ. ಆತ ನಿಷ್ಠೆಯಿಂದ ಹೋಗಿ ಮತ ಹಾಕಿದರೂ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬ ಗೈರುಹಾಜರು! ಮನೆ ಬದಲಿಸುವುದೇ ಬದುಕಾಗಿರುವ ಊರಿನಲ್ಲಿ ಪಟ್ಟಿ ಉಬ್ಬುತ್ತದೆ, ಶೇಕಡಾ ಕುಗ್ಗುತ್ತದೆ. ಮಂಡ್ಯದ ಹಳ್ಳಿಯಲ್ಲಿ ಹೀಗಾಗುವುದು ಕಡಿಮೆ, ಅಲ್ಲಿ ಯಾರು ಊರಲ್ಲಿದ್ದಾರೆ ಎಂಬುದು ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ಪಟ್ಟಿ ನೋಡದೆಯೇ ಗೊತ್ತು.

ಹಾಗಾದರೆ ಖಚಿತವಾಗಿ ಗೊತ್ತಿರುವುದು ಯಾವುದು? ಪಟ್ಟಿಯಲ್ಲಿ ಎಷ್ಟು ಎಳೆಯರಿದ್ದಾರೆ ಎಂಬುದು. 2024ರ ಲೋಕಸಭಾ ಚುನಾವಣೆಗೆ ಮುನ್ನ ದೇಶದಲ್ಲಿ 18–19ರ ವಯಸ್ಸಿನ ಮತದಾರರು ಸುಮಾರು 1.84 ಕೋಟಿ. ಆ ವಯಸ್ಸಿನ ಒಟ್ಟು ಜನಸಂಖ್ಯೆಯ ಅಂದಾಜಿಗೆ ಹೋಲಿಸಿದರೆ ಇದು ಹತ್ತರಲ್ಲಿ ನಾಲ್ಕು ಪಾಲಿಗಿಂತ ಕಡಿಮೆ. ತೆಲಂಗಾಣದಲ್ಲಿ ಮೂರನೇ ಎರಡರಷ್ಟು ಮಂದಿ ಸೇರಿದ್ದರೆ, ಬಿಹಾರದಲ್ಲಿ ಐದನೇ ಒಂದರಷ್ಟೂ ಇರಲಿಲ್ಲ. ತೆಲಂಗಾಣದ ಹುಡುಗರಿಗೆ ಪ್ರಜಾಪ್ರಭುತ್ವದ ಮೇಲೆ ಮಿಗಿಲಾದ ಪ್ರೀತಿ ಇದೆ ಎಂದೇನೂ ಅಲ್ಲ. ಅಲ್ಲಿ 2023ರ ನವೆಂಬರ್‌ನಲ್ಲಷ್ಟೇ ವಿಧಾನಸಭಾ ಚುನಾವಣೆ ಆಗಿತ್ತು. ಪಟ್ಟಿಯ ಕೆಲಸ ಬಿಸಿಯಾಗಿತ್ತು, ಹೊಸಬರ ಹೆಸರು ಬರೆಸುವ ಓಡಾಟ ಆಗಷ್ಟೇ ಮುಗಿದಿತ್ತು.

ಮತಗಟ್ಟೆಗೆ ಬಾರದವರ ಮಾತು ಆಮೇಲಿನದು. ಅದಕ್ಕೂ ಮೊದಲು ಪಟ್ಟಿಗೇ ಬಾರದವರ ಮಾತಾಡಬೇಕು. ಅವರು ಪಟ್ಟಿಗೆ ಬಾರದಿರುವುದಕ್ಕೆ ಉದಾಸೀನಕ್ಕಿಂತ ದೊಡ್ಡ ಕಾರಣ ದಿನಾಂಕ, ವಿಳಾಸ ಮತ್ತು ನಾವು ಕಿತ್ತುಹಾಕಿರುವ ಕೆಲವು ಮೆಟ್ಟಿಲುಗಳು.

ನಮೂನೆ 6 ಎಲ್ಲಿ ಸಿಕ್ಕಿಕೊಳ್ಳುತ್ತದೆ

2022ರವರೆಗೆ ಅರ್ಹತಾ ದಿನಾಂಕ ಒಂದೇ, ಜನವರಿ 1. ಜನವರಿ 2ರಂದು ಹುಟ್ಟಿದವರು ಹದಿನೆಂಟು ತುಂಬಿದ ಮೇಲೂ ಹೆಚ್ಚುಕಡಿಮೆ ವರ್ಷ ಕಾಯಬೇಕಿತ್ತು. ಕಾನೂನು ತಿದ್ದುಪಡಿಯಾಗಿ 2022ರ ಆಗಸ್ಟ್ 1ರಿಂದ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಾದವು. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಹದಿನೆಂಟಾದ ಮೇಲೆ ಬರುವ ಮೊದಲ ಅರ್ಹತಾ ದಿನಾಂಕಕ್ಕೆ ಹೆಸರು ಸೇರುತ್ತದೆ. ಒಳ್ಳೆಯ ಬದಲಾವಣೆ. ಆದರೆ ದ್ವಿತೀಯ ಪಿಯುಸಿ ತರಗತಿಯೊಂದಕ್ಕೆ ಹೋಗಿ ಈ ನಾಲ್ಕು ದಿನಾಂಕ ಕೇಳಿ ನೋಡಿ.

ಅರ್ಜಿ ಕಷ್ಟವೇನಲ್ಲ. ಆಯೋಗದ ಮತದಾರರ ಪೋರ್ಟಲ್ ಅಥವಾ ಆ್ಯಪ್, ಮೊಬೈಲ್‌ಗೆ ಬರುವ ಒಟಿಪಿ, ಒಂದು ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ವಿಳಾಸಕ್ಕೆ ಒಂದು ದಾಖಲೆ. ಬಳಿಕ ಅರ್ಜಿಗಳ ಪಟ್ಟಿಯನ್ನು ಆಕ್ಷೇಪಣೆಗೆ ಏಳು ದಿನ ಪ್ರಕಟಿಸುತ್ತಾರೆ, ಬಿಎಲ್‌ಒ ಮನೆಗೆ ಬಂದು ನೋಡುತ್ತಾರೆ, ನೋಂದಣಾಧಿಕಾರಿ ಆದೇಶ ಮಾಡುತ್ತಾರೆ.

ತಂಟೆ ಶುರುವಾಗುವುದು ವಿಳಾಸದಲ್ಲಿ. ಬಾಡಿಗೆ ಕರಾರು ಕೊಟ್ಟರೆ ಅದು ನೋಂದಣಿಯಾಗಿರಬೇಕು. ಹನ್ನೊಂದು ತಿಂಗಳ ಛಾಪಾ ಕಾಗದ ನಡೆಯುವುದಿಲ್ಲ. ಪಿ.ಜಿ.ಯಲ್ಲಿರುವವರಿಗೆ ಆ ಕಾಗದವೂ ಇಲ್ಲ. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿ, ಆಧಾರ್ ಊರಿನ ವಿಳಾಸದಲ್ಲಿ. ಬಿಎಲ್‌ಒ ಎಂದರೆ ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲಾ ಶಿಕ್ಷಕರು. ಅವರು ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಹಗಲು ಹೊತ್ತಿನಲ್ಲಿ ಬರುತ್ತಾರೆ. ಹುಡುಗ ಕಾಲೇಜಿನಲ್ಲಿರುತ್ತಾನೆ. ಕೆಳಮನೆಯವರನ್ನು ಕೇಳಿದರೆ ‘ಯಾರೋ ಹುಡುಗ್ರು ಇದ್ದಾರಪ್ಪ, ಹೆಸರು ಗೊತ್ತಿಲ್ಲ’ ಎಂಬ ಉತ್ತರ. ಅರ್ಜಿ ಬಿದ್ದುಹೋಗುತ್ತದೆ. ತಿರಸ್ಕಾರದ ಸಂದೇಶ ಬಂದರೂ ಬ್ಯಾಂಕು, ಲೋನು, ರಿಯಾಯಿತಿ ಮಾರಾಟದ ನೂರು ಎಸ್ಸೆಮ್ಮೆಸ್‌ಗಳ ನಡುವೆ ಮುಳುಗುತ್ತದೆ.

ವಿದ್ಯಾರ್ಥಿಗಳಿಗೆ ಇದರಿಂದ ಹೊರಬರುವ ದಾರಿ ನಿಯಮದಲ್ಲೇ ಇದೆ, ಹೆಚ್ಚಿನ ಕಾಲೇಜು ಕಚೇರಿಗಳಿಗೆ ಅದರ ಸುದ್ದಿ ಮುಟ್ಟಿಲ್ಲ. ಹಾಸ್ಟೆಲ್ ಅಥವಾ ಮೆಸ್‌ನಲ್ಲಿದ್ದು ಓದುವವರು ಅಪ್ಪ ಅಮ್ಮನ ವಿಳಾಸದಲ್ಲಾದರೂ ಹೆಸರು ಸೇರಿಸಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಿಸಬಹುದು; ಎರಡೂ ಕಡೆ ಮಾತ್ರ ಕೂಡದು. ಹಾಸ್ಟೆಲ್ ವಿಳಾಸವಾದರೆ ಕೋರ್ಸ್ ಮಾನ್ಯತೆ ಪಡೆದದ್ದಾಗಿರಬೇಕು, ಕನಿಷ್ಠ ಒಂದು ವರ್ಷದ್ದಾಗಿರಬೇಕು, ಮತ್ತು ಪ್ರಾಂಶುಪಾಲರು, ಡೀನ್ ಅಥವಾ ರಿಜಿಸ್ಟ್ರಾರ್ ಸಹಿ ಮಾಡಿದ ವ್ಯಾಸಂಗ ದೃಢೀಕರಣ ಪತ್ರ ಲಗತ್ತಿಸಬೇಕು. ಆ ಒಂದು ಹಾಳೆ ಇದ್ದರೆ ಕರೆಂಟ್ ಬಿಲ್ಲಿನ ಗೊಡವೆ ಇಲ್ಲ.

ಎರಡನೆಯದು ಕಾಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನಕ್ಕೆ ಪಟ್ಟಿ ಮುಚ್ಚುತ್ತದೆ. ಆಕ್ಷೇಪಣೆಯ ಏಳು ದಿನ, ಪರಿಶೀಲನೆ ಎಲ್ಲ ಲೆಕ್ಕ ಹಾಕಿದರೆ ಅದಕ್ಕೂ ಹತ್ತು ದಿನ ಮೊದಲು ಅರ್ಜಿ ಬಿದ್ದಿರಬೇಕು. 2024ರಲ್ಲಿ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ರಂದು. ದಕ್ಷಿಣ ಕರ್ನಾಟಕದ 14 ಕ್ಷೇತ್ರಗಳಿಗೆ ನಾಮಪತ್ರದ ಕೊನೆಯ ದಿನ ಏಪ್ರಿಲ್ 4. ಅಂದರೆ ಹೊಸಬರಿಗೆ ಉಳಿದದ್ದು ಮಾರ್ಚ್ 25ರವರೆಗೆ, ಒಂಬತ್ತೇ ದಿನ. ಅಷ್ಟರಲ್ಲಿ ಅಭ್ಯರ್ಥಿಗಳ ಪಟ್ಟಿಯೂ ಪೂರ್ತಿ ಬಂದಿರಲಿಲ್ಲ. ರೋಡ್ ಷೋ, ಟಿವಿ ಚರ್ಚೆ, ರೀಲ್ಸ್ ಎಲ್ಲ ಏಪ್ರಿಲ್‌ನ ವಿಷಯ. ಏಪ್ರಿಲ್ 15ಕ್ಕೆ ಒಬ್ಬ ಹುಡುಗಿಗೆ ‘ನಾನೂ ಮತ ಹಾಕಬೇಕು’ ಅನ್ನಿಸಿದರೆ ಹಾಕಲು ದಾರಿಯಿಲ್ಲ. ಕಾವೇರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ.

ಇನ್ನೊಂದು ಗೊಂದಲ ಕಾರ್ಡಿನದ್ದು. ಕೈಯಲ್ಲಿ ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಇದ್ದ ಮಾತ್ರಕ್ಕೆ ಮತ ಇಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಯಾವುದಾದರೂ ನಡೆಯುತ್ತದೆ. ಜನ ಇದನ್ನು ತಿರುಗಿಸಿ ತಿಳಿದುಕೊಂಡಿದ್ದಾರೆ.

ಹೆಸರು ಊರಲ್ಲಿ, ಬದುಕು ಬೆಂಗಳೂರಲ್ಲಿ

ಈ ಜಂಜಾಟವೇ ಬೇಡವೆಂದು ಬಹುತೇಕರು ಊರಿನ ಪಟ್ಟಿಯಲ್ಲೇ ಉಳಿಯುತ್ತಾರೆ. ಅದಕ್ಕೆ ಭಾವನೆಯ ಕಾರಣವೂ ಇದೆ, ಊರಿನ ರಾಜಕೀಯ ಗೊತ್ತಿರುತ್ತದೆ. ಆದರೆ ಭಾರತದಲ್ಲಿ ಸಾಮಾನ್ಯ ಮತದಾರರಿಗೆ ಇದ್ದಲ್ಲಿಂದಲೇ ಮತ ಹಾಕುವ ವ್ಯವಸ್ಥೆ ಇಲ್ಲ. ಅಂಚೆ ಮತ ಇರುವುದು ಸೇನೆಯವರಿಗೆ, ಚುನಾವಣಾ ಕರ್ತವ್ಯದಲ್ಲಿರುವವರಿಗೆ, 85 ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಮತ್ತು ಕೆಲವು ಅಗತ್ಯ ಸೇವೆಯವರಿಗೆ. ದುಬೈ, ಕುವೈತ್‌ನಲ್ಲಿರುವ ಕನ್ನಡಿಗರು ನಮೂನೆ 6ಎಯಲ್ಲಿ ಹೆಸರು ಸೇರಿಸಬಹುದು, ಆದರೆ ವಿಮಾನ ಹತ್ತಿ ಬಂದೇ ಹಾಕಬೇಕು.

2023ರ ವಿಧಾನಸಭಾ ಚುನಾವಣೆ ನಡೆದದ್ದು ಮೇ 10, ಬುಧವಾರ. ವಾರದ ನಟ್ಟನಡುವೆ. ಜನಪ್ರತಿನಿಧಿ ಕಾಯ್ದೆ 1951ರ 135ಬಿ ಪ್ರಕಾರ ಆ ದಿನ ಸಂಬಳ ಸಹಿತ ರಜೆ, ದಿನಗೂಲಿಯವರಿಗೂ ಸೇರಿ. ಒಂದು ದಿನದ ರಜೆಯಲ್ಲಿ ರಾಮನಗರಕ್ಕೆ ಹೋಗಿ ಬರಬಹುದು. ಬೀದರ್‌ಗೆ? ಸುಮಾರು 700 ಕಿಲೊಮೀಟರ್. ಎರಡು ರಾತ್ರಿ ಬಸ್ಸಿನಲ್ಲಿ, ನಡುವೆ ಒಂದು ಹಗಲು. ಇನ್ನು ಡೆಲಿವರಿ ಆ್ಯಪ್‌ಗಳು ಬೈಕ್ ಓಡಿಸುವವರನ್ನು ನೌಕರರೆಂದೇ ಒಪ್ಪುವುದಿಲ್ಲ, ಪಾರ್ಟ್ನರ್ ಎನ್ನುತ್ತವೆ. ಪಾರ್ಟ್ನರ್‌ಗೆ ಎಲ್ಲಿಯ ರಜೆ? ಹೋಗಿ ಬರುವ ಬಸ್ ಚಾರ್ಜು ಒಂದು ಕಡೆ, ಕಳೆದುಕೊಂಡ ಎರಡು ದಿನದ ದುಡಿಮೆ ಇನ್ನೊಂದು ಕಡೆ. ಯಾರೋ ಬಸ್ ಮಾಡಿ ಕರೆದೊಯ್ದರೆ ಹೋಗುತ್ತಾರೆ. ಆ ಬಸ್ಸಿನ ಬಾಡಿಗೆ ಯಾರು ಕೊಟ್ಟರು ಎಂಬುದು ಬಸ್ಸಿನಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ.

ವಲಸಿಗರಿಗೆಂದೇ ಆಯೋಗ ದೂರ ಮತದಾನ ಯಂತ್ರವೊಂದರ ಮಾದರಿ ಸಿದ್ಧಪಡಿಸಿತ್ತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳಿಗೆ ಮತ ಹಾಕಿಸಬಲ್ಲ ಯಂತ್ರ. 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆದು ತೋರಿಸಲು ಹೊರಟಾಗ ವಿರೋಧ ಪಕ್ಷಗಳು ಒಪ್ಪಲಿಲ್ಲ. ಬೇರೆ ರಾಜ್ಯದ ಮತಗಟ್ಟೆಯಲ್ಲಿ ನಮ್ಮ ಏಜೆಂಟ್ ಯಾರು, ಅಲ್ಲಿ ನೀತಿ ಸಂಹಿತೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳು ಸಣ್ಣವಲ್ಲ. ಯಂತ್ರ ಅಲ್ಲಿಗೇ ನಿಂತಿತು.

ಇದರ ಮೇಲೆ 2025ರಲ್ಲಿ ಬಿಹಾರದಿಂದ ಶುರುವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಬಂತು. ಅಲ್ಲಿ ಕೇಳಿದ ದಾಖಲೆಗಳನ್ನು ವಯಸ್ಸಿನ ಕಣ್ಣಿಂದ ನೋಡಿ: 1987ರ ಜುಲೈ 1ಕ್ಕೆ ಮೊದಲು ಹುಟ್ಟಿದವರು ತಮ್ಮದೊಂದು ದಾಖಲೆ ಕೊಟ್ಟರೆ ಸಾಕು, ಆಮೇಲೆ ಹುಟ್ಟಿದವರು ತಮ್ಮದರ ಜೊತೆ ತಂದೆ ಅಥವಾ ತಾಯಿಯದ್ದು, 2004ರ ಡಿಸೆಂಬರ್ 2ರ ನಂತರದವರು ತಮ್ಮದು, ತಂದೆಯದು, ತಾಯಿಯದು ಮೂರೂ. ಪೌರತ್ವ ಕಾನೂನಿನ ತಿದ್ದುಪಡಿಗಳ ದಿನಾಂಕಗಳನ್ನೇ ಇಲ್ಲಿ ಎತ್ತಿಕೊಂಡಿದ್ದಾರೆ ನಿಜ. ಆದರೆ ಕೆಲಸಕ್ಕೆ ಇಳಿದಾಗ ಎಳೆಯರಾದಷ್ಟೂ ಹೊರೆ ಹೆಚ್ಚು. ಹತ್ತೊಂಬತ್ತರ ಹುಡುಗನಿಗೆ ಅಪ್ಪನ ಕಾಗದ ಊರಿನ ಟ್ರಂಕಿನಲ್ಲಿರುತ್ತದೆ.

ಕಿತ್ತುಹೋದ ಮೆಟ್ಟಿಲುಗಳು

ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ಸಂವಿಧಾನ ತಿದ್ದುಪಡಿ ಜಾರಿಗೆ ಬಂದದ್ದು 1989ರ ಮಾರ್ಚ್ 28ರಂದು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತದ್ದು 1989–90ರ ಹೊತ್ತಿಗೆ. ದೇಶ ಹದಿನೆಂಟರವರಿಗೆ ಮತ ಕೊಟ್ಟ ಗಳಿಗೆಯಲ್ಲೇ ರಾಜ್ಯ ಅವರ ಕಾಲೇಜಿನ ಮತವನ್ನು ಕಿತ್ತುಕೊಂಡಿತು. ಹೊಡೆದಾಟ, ಜಾತಿ ಗುಂಪುಗಾರಿಕೆ, ಹೊರಗಿನ ರಾಜಕಾರಣಿಗಳ ದುಡ್ಡು — ಕೊಟ್ಟ ಕಾರಣಗಳು ಸುಳ್ಳೇನಲ್ಲ. ಆದರೆ ಅಲ್ಲಿಂದೀಚೆಗೆ ಮೂರೂವರೆ ದಶಕ ತರಗತಿ ಪ್ರತಿನಿಧಿ ಎಂದರೆ ಹೆಚ್ಚು ಅಂಕ ಪಡೆದವರು ಅಥವಾ ಮೇಷ್ಟ್ರಿಗೆ ಬೇಕಾದವರು.

ಚುನಾವಣೆ ಎಂದರೆ ಹೊಡೆದಾಟವೇ ಎಂಬುದಕ್ಕೆ ಉತ್ತರವನ್ನು 2006ರಲ್ಲೇ ವಿದ್ಯಾರ್ಥಿ ಸಂಘದ ಚುನಾವಣೆಗಳಿಗೆ ನಿಯಮ ರೂಪಿಸಿದ ಲಿಂಗ್ಡೊ ಸಮಿತಿ ಬರೆದಿಟ್ಟಿದೆ. ಆ ವರ್ಷದ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಆದೇಶಿಸಿತು. ಶೈಕ್ಷಣಿಕ ವರ್ಷ ಶುರುವಾದ ಆರರಿಂದ ಎಂಟು ವಾರದೊಳಗೆ ಚುನಾವಣೆ, ಒಬ್ಬ ಅಭ್ಯರ್ಥಿಗೆ 5,000 ರೂಪಾಯಿ ಮಿತಿ, ಮುದ್ರಿತ ಪೋಸ್ಟರ್ ಇಲ್ಲ, ಶೇ 75 ಹಾಜರಾತಿ, ಪದವಿಯವರಿಗೆ 22ರ ವಯಸ್ಸಿನ ಮಿತಿ, ಪದಾಧಿಕಾರಿ ಸ್ಥಾನಕ್ಕೆ ಒಮ್ಮೆ ಮಾತ್ರ ಅವಕಾಶ. ಈ ನಿಯಮಗಳಿಗೆ ಅವುಗಳದೇ ತೊಂದರೆ ಇದೆ. ಮುದ್ರಿತ ಪೋಸ್ಟರ್ ಬೇಡವೆಂದರೆ ‘ಕೈಬರಹದಂತೆ ಕಾಣುವ’ ಪೋಸ್ಟರ್ ಅಚ್ಚು ಹಾಕಿಸುತ್ತಾರೆ. ಒಮ್ಮೆ ಸೋತವರು ಅನುಭವ ಪಡೆದು ಮತ್ತೆ ನಿಲ್ಲಲಾರರು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. 2025ರ ಕೊನೆಯಲ್ಲಿ ರಾಜ್ಯದಲ್ಲಿ ಸರ್ಕಾರದ ಮಟ್ಟದಲ್ಲೇ ಕ್ಯಾಂಪಸ್ ಚುನಾವಣೆ ಮರಳಿ ತರುವ ಮಾತು ಎದ್ದಿತು. ಎಲ್ಲ ಪಕ್ಷಗಳ ವಿದ್ಯಾರ್ಥಿ ಘಟಕಗಳೂ ಇದನ್ನು ಬಯಸುವವೇ. ಭಯಪಡುವುದು ಕಾಲೇಜು ಆಡಳಿತ ಮಂಡಳಿಗಳು, ಅದರಲ್ಲೂ ಶುಲ್ಕದ ಲೆಕ್ಕ ಕೇಳಿಸಿಕೊಳ್ಳಲು ಇಷ್ಟವಿಲ್ಲದವು.

ಕಾಲೇಜಿನ ರಾಜಕೀಯ ಊಟದ ತಟ್ಟೆಯಿಂದ ಶುರುವಾಗುತ್ತದೆ ಎಂಬುದಕ್ಕೆ ಗುಜರಾತ್ ಸಾಕ್ಷಿ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ನಲ್ಲಿ ಮೆಸ್ ಬಿಲ್ ಏರಿತೆಂದು ಹುಡುಗರು ಗಲಾಟೆ ಮಾಡಿದರು. ಅದು ನವನಿರ್ಮಾಣ ಚಳವಳಿಯಾಗಿ ಬೆಳೆದು 1974ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಡಬೇಕಾಯಿತು. ಎಣ್ಣೆ, ಬೇಳೆ ದರದ ಲೆಕ್ಕ ಕೇಳಿದವರಿಗೆ ಸರ್ಕಾರದ ಲೆಕ್ಕ ಕೇಳುವುದು ಒಂದೇ ಮೆಟ್ಟಿಲಿನ ದೂರ.

ಕಾಲೇಜಿನ ನಂತರದ ಮೆಟ್ಟಿಲು ವಾರ್ಡು. 2002ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ, ಆಗ ಆಕೆಗೆ ಹದಿಮೂರು. 2020ರಲ್ಲಿ ಹದಿನೆಂಟಾಯಿತು, ಅದೇ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಾದಾಗ ಆಕೆಗೆ ಇಪ್ಪತ್ಮೂರು, ಆ ದಿನಕ್ಕೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಆಕೆ ಶಾಸಕರನ್ನು ಆರಿಸಿದ್ದಾಳೆ, ಸಂಸದರನ್ನು ಆರಿಸಿದ್ದಾಳೆ. ಬೀದಿಯ ಕಸ, ಒಡೆದ ಚರಂಡಿ, ಮುರಿದ ಫುಟ್‌ಪಾತ್‌ಗೆ ಉತ್ತರ ಕೊಡಬೇಕಾದವರನ್ನು ಅಲ್ಲಿಯವರೆಗೆ ಒಮ್ಮೆಯೂ ಆರಿಸಿರಲಿಲ್ಲ. ಹಳ್ಳಿಗಳಲ್ಲೂ ಪೂರ್ತಿ ಬೇರೆಯಲ್ಲ: ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ 2016ರ ಫೆಬ್ರುವರಿಯಲ್ಲಿ, 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳೇ ಉರುಳಿದವು. ಮೀಸಲಾತಿ ಪಟ್ಟಿ ತಡವಾಗುವುದು ಯಾವಾಗಲೂ ಆಕಸ್ಮಿಕವಲ್ಲ. ವಾರ್ಡಿಗೊಬ್ಬ ಸದಸ್ಯನಿದ್ದರೆ ಶಾಸಕರ ಕೈಯಲ್ಲಿರುವ ಗುತ್ತಿಗೆ, ಅನುದಾನ ಹಂಚಿಹೋಗುತ್ತದೆ.

ಗ್ರಾಮ ಪಂಚಾಯಿತಿ ಮಾತ್ರ 2020ರ ಡಿಸೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಮತದಾನ ಕಂಡಿತು. ಪಕ್ಷದ ಚಿಹ್ನೆ ಇಲ್ಲ, 21ಕ್ಕೆ ಸ್ಪರ್ಧಿಸಬಹುದು, ಅರ್ಧ ಸ್ಥಾನ ಮಹಿಳೆಯರಿಗೆ. ವಿಧಾನಸಭೆಗೆ 25 ತುಂಬಬೇಕು, ಕರ್ನಾಟಕದಲ್ಲಿ ಅಧಿಕೃತ ಖರ್ಚಿನ ಮಿತಿಯೇ 40 ಲಕ್ಷ. ಲೋಕಸಭೆಗೆ 95 ಲಕ್ಷ. ಈಗಿನ ಲೋಕಸಭೆಯ ಸರಾಸರಿ ವಯಸ್ಸು 56. ಸ್ಪರ್ಧೆಯ ವಯಸ್ಸನ್ನು 18ಕ್ಕೆ ಇಳಿಸಿ ಎಂದು 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ಹೇಳಿತು, ಆಯೋಗ ಒಪ್ಪಲಿಲ್ಲ. ವಯಸ್ಸು ಇಳಿದರೂ ಟಿಕೆಟ್ ಸಿಗುವುದು ಯಾರ ಮಗನಿಗೆ ಎಂಬುದು ಓದುಗರಿಗೆ ಗೊತ್ತಿರುವ ವಿಷಯ.

ಕೇಳಿದ್ದಕ್ಕೆ ಏನಾಯಿತು

ಮತ ಐದು ವರ್ಷಕ್ಕೊಮ್ಮೆ. ನಡುವಿನ ಕಾಲದಲ್ಲಿ ಒಬ್ಬ ಹುಡುಗ ಎರಡನೇ ಸಲ ಸಭೆಗೆ ಬರುತ್ತಾನೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಮೊದಲ ಸಲ ಕೇಳಿದ್ದಕ್ಕೆ ಏನಾಯಿತು ಎಂಬುದು. ನಮ್ಮಲ್ಲಿ ಇದಕ್ಕೆ ಒಳ್ಳೆಯ ಪ್ರಯೋಗಶಾಲೆಯಿದೆ: ಮಕ್ಕಳ ಗ್ರಾಮಸಭೆ. 1990ರ ದಶಕದಲ್ಲಿ ಕುಂದಾಪುರ ಕಡೆ ಮಕ್ಕಳ ಪಂಚಾಯಿತಿಗಳು ಹುಟ್ಟಿದವು. 2006ರಲ್ಲಿ ರಾಜ್ಯ ಸರ್ಕಾರ ಮಕ್ಕಳ ಗ್ರಾಮಸಭೆಯನ್ನು ಎಲ್ಲ ಗ್ರಾಮ ಪಂಚಾಯಿತಿಗಳಿಗೂ ವಿಸ್ತರಿಸಿತು. ಹಲವು ಕಡೆ ನಡೆಯುವ ರೀತಿ ಹೀಗೆ: ಶಾಮಿಯಾನ, ವೇದಿಕೆ ತುಂಬ ಗಣ್ಯರು, ಸ್ವಾಗತ, ಹಾರ. ಮಗು ಎದ್ದು ಮೇಷ್ಟ್ರು ಬರೆದುಕೊಟ್ಟ ಚೀಟಿ ಓದುತ್ತದೆ: ನಮ್ಮ ಶಾಲೆಯ ಶೌಚಾಲಯಕ್ಕೆ ನೀರಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ‘ಪರಿಶೀಲಿಸಲಾಗುವುದು’ ಎನ್ನುತ್ತಾರೆ. ಬಿಸ್ಕತ್ತು ಹಂಚುತ್ತಾರೆ. ಮುಂದಿನ ವರ್ಷ ಬೇರೆ ಮಗು ಅದೇ ಚೀಟಿ ಓದುತ್ತದೆ.

ಸಭೆ ಕೆಲಸ ಮಾಡುವ ಕಡೆ ವ್ಯತ್ಯಾಸ ಒಂದೇ. ಮೊದಲ ಅರ್ಧ ಗಂಟೆ ಕಳೆದ ವರ್ಷದ ಅನುಪಾಲನಾ ವರದಿ ಓದುತ್ತಾರೆ: ಯಾವ ಬೇಡಿಕೆ, ಯಾವ ಲೆಕ್ಕಶೀರ್ಷಿಕೆ, ಎಷ್ಟು ಹಣ, ಆಗದಿದ್ದರೆ ಏಕೆ ಆಗಲಿಲ್ಲ. ‘ಇದು ನಮ್ಮ ವ್ಯಾಪ್ತಿಯಲ್ಲ, ಶಿಕ್ಷಣ ಇಲಾಖೆಗೆ ಇಂಥ ದಿನ ಪತ್ರ ಬರೆದಿದ್ದೇವೆ, ಪ್ರತಿ ಇಲ್ಲಿದೆ’ ಎಂಬ ನಕಾರದ ಉತ್ತರಕ್ಕೂ ಬೆಲೆ ಇದೆ. ಮಗುವಿಗೆ ವ್ಯವಸ್ಥೆಯ ನಕ್ಷೆ ಸಿಗುತ್ತದೆ.

ದೊಡ್ಡವರ ಬೀದಿಯಲ್ಲೂ ಇದೇ. 2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಉಕ್ಕಿನ ಸೇತುವೆ ಬೇಡವೆಂದು ಸಾವಿರಾರು ಮಂದಿ ಮಾನವ ಸರಪಳಿ ಮಾಡಿದರು, ಬಹಳ ಮಂದಿಗೆ ಅದೇ ಮೊದಲ ಪ್ರತಿಭಟನೆ. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಆ ಗೆಲುವಿನಿಂದ ನಗರದಲ್ಲಿ ಒಂದು ಪೀಳಿಗೆಯ ನಾಗರಿಕ ಗುಂಪುಗಳು ಗಟ್ಟಿಯಾದವು. ಈಗ ಅಂಥ ಸರಪಳಿ ಸುಲಭವಲ್ಲ. 2021ರ ಪರವಾನಗಿ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಇರುವ ಜಾಗ ಫ್ರೀಡಂ ಪಾರ್ಕ್ ಒಂದೇ, ಅದಕ್ಕೂ ಪೊಲೀಸರ ಅನುಮತಿ ಬೇಕು. ಗೋಡೆಯೊಳಗೆ ಕೂಗಿದ್ದು ಗೋಡೆಯೊಳಗೇ ಉಳಿಯುತ್ತದೆ.

ಮಾಹಿತಿ ಹಕ್ಕು ಇನ್ನೊಂದು ಬಾಗಿಲು. ಹತ್ತು ರೂಪಾಯಿ, ಮೂವತ್ತು ದಿನ. ಎಡವುವುದು ಎಲ್ಲಿ ಎಂದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ರಸ್ತೆ, ದೀಪ, ಚರಂಡಿ ಮೂರನ್ನೂ ಒಂದೇ ಹಾಳೆಯಲ್ಲಿ ಆವೇಶದಿಂದ ಬರೆದವರ ಅರ್ಜಿ ವಾಪಸ್. ‘ರಸ್ತೆ ಏಕೆ ಹಾಳಾಗಿದೆ’ ಎಂದು ಕೇಳಬಾರದು, ಅದು ಮಾಹಿತಿಯಲ್ಲ. ಇಂಥ ಕಾಮಗಾರಿಯ ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆ ಅವಧಿ ಮುಗಿಯುವ ದಿನಾಂಕ ಕೊಡಿ ಎನ್ನಬೇಕು.

ಇಂಥ ಬಾಗಿಲುಗಳೆಲ್ಲ ಬಿಗಿಯಾದರೆ ಏನಾಗುತ್ತದೆ ಎಂಬುದಕ್ಕೆ ನೇಪಾಳವನ್ನು ಉದಾಹರಿಸುವುದು ಈಗ ರೂಢಿ. 2025ರ ಸೆಪ್ಟೆಂಬರ್ 4ರಂದು 26 ಸಾಮಾಜಿಕ ಜಾಲತಾಣಗಳಿಗೆ ತಡೆ. 8ರಂದು ಯುವಜನರು ಬೀದಿಗೆ. 9ರಂದು ಪ್ರಧಾನಿ ಓಲಿ ರಾಜೀನಾಮೆ. ಐದೇ ದಿನ. ಅದನ್ನು ನೋಡಿ ಇಲ್ಲಿಯೂ ಹಾಗೇ ಎನ್ನುವುದು ಅವಸರ. ನಮ್ಮಲ್ಲಿ ರಾಜ್ಯ, ಕೇಂದ್ರ ಎಂದು ಸಿಟ್ಟು ಹಂಚಿಹೋಗಲು ಜಾಗ ಹೆಚ್ಚು.

ರಂಗೋಲಿ ಬದಲು ಮೇಜು

ಜನವರಿ 25ರ ಮತದಾರರ ದಿನ ಬಂದರೆ ಕಾಲೇಜುಗಳಲ್ಲಿ ಸ್ವೀಪ್ ಎಂಬ ಮತದಾರರ ಜಾಗೃತಿ ಕಾರ್ಯಕ್ರಮ: ಜಾಥಾ, ಪ್ರಬಂಧ ಸ್ಪರ್ಧೆ, ‘ನನ್ನ ಮತ ನನ್ನ ಹಕ್ಕು’ ರಂಗೋಲಿ, ಪ್ರತಿಜ್ಞೆ, ಫೋಟೊ. ಬಹುಮಾನ ಗೆದ್ದ ರಂಗೋಲಿ ಬಿಡಿಸಿದವಳ ಹೆಸರು ಪಟ್ಟಿಯಲ್ಲಿದೆಯೇ ಎಂದು ಯಾರೂ ಕೇಳುವುದಿಲ್ಲ.

ಅದೇ ಎರಡು ಗಂಟೆಯನ್ನು ಬೇರೆ ರೀತಿ ಬಳಸಬಹುದು. ತಿಂಗಳು ಜನವರಿ ಬೇಡ, ಆಗಸ್ಟ್ ಅಥವಾ ಸೆಪ್ಟೆಂಬರ್. ಪ್ರವೇಶ ಮುಗಿದಿರುತ್ತದೆ, ಅಕ್ಟೋಬರ್ 1ರ ಅರ್ಹತಾ ದಿನಾಂಕ ಹತ್ತಿರದಲ್ಲಿರುತ್ತದೆ. ಹಿಂದಿನ ವಾರವೇ ಕಚೇರಿಯವರು ಹಾಸ್ಟೆಲ್‌ನಲ್ಲಿರುವವರಿಗೆಲ್ಲ ವ್ಯಾಸಂಗ ದೃಢೀಕರಣ ಪತ್ರ ಅಚ್ಚು ಹಾಕಿಸಿ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿಡಬೇಕು. ಆ ದಿನ ನಾಲ್ಕು ಮೇಜು, ಆ ಭಾಗದ ಬಿಎಲ್‌ಒ ಅಲ್ಲೇ ಕೂತಿರಬೇಕು. ಹುಡುಗ ಹುಡುಗಿಯರು ಮೊದಲು ಪೋರ್ಟಲ್‌ನಲ್ಲಿ ತಮ್ಮ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಬೇಕು. ಇದ್ದರೆ ನಮೂನೆ 8, ಇಲ್ಲದಿದ್ದರೆ ನಮೂನೆ 6. ಹದಿನೇಳರವರನ್ನು ‘ಮುಂದಿನ ವರ್ಷ ಬಾ’ ಎಂದು ಕಳಿಸಬಾರದು. ಹೆಸರಿನ ಕಾಗುಣಿತ ಕನ್ನಡದಲ್ಲಿ ತಾನಾಗಿ ಲಿಪ್ಯಂತರವಾಗಿ ಬರುತ್ತದೆ, ‘ಶೈಲಜ’ ಹೋಗಿ ‘ಶೈಲಾಜಾ’ ಆಗಿರುತ್ತದೆ. ಸಲ್ಲಿಸುವ ಮುನ್ನ ಅಲ್ಲೇ ತಿದ್ದಿಸಬೇಕು, ಆಮೇಲೆ ತಿದ್ದಲು ಮತ್ತೊಂದು ನಮೂನೆ 8.

ಸಲ್ಲಿಸಿದ ಮೇಲೆ ಬರುವ ಉಲ್ಲೇಖ ಸಂಖ್ಯೆಯನ್ನು ಒಂದು ವಹಿಯಲ್ಲಿ ಬರೆದುಕೊಂಡು, ಎರಡು ವಾರ ಬಿಟ್ಟು ಒಂದೊಂದನ್ನೇ ಸ್ಥಿತಿ ನೋಡಬೇಕು. ತಿರಸ್ಕೃತವಾದವಕ್ಕೆ ಕಾರಣ ಅಲ್ಲೇ ಬರೆದಿರುತ್ತದೆ, ಮತ್ತೆ ಹಾಕಬಹುದು. ಆಯೋಗದ ಸಹಾಯವಾಣಿ 1950. ಬಿಎಲ್‌ಒ ಹೆಸರು, ಫೋನ್ ನಂಬರ್ ಪೋರ್ಟಲ್‌ನಲ್ಲೇ ಸಿಗುತ್ತದೆ. ಮನೆಗೆ ಬರುವ ಮೊದಲು ಫೋನ್ ಮಾಡಿ, ಸಂಜೆ ಆರರ ಮೇಲೆ ಬನ್ನಿ ಮೇಡಂ ಎಂದರೆ ಬಹಳ ಮಂದಿ ಬರುತ್ತಾರೆ.